ಕೋವಿ ಜಂಪಣ್ಣನೂ ಕರಿಯುಣ್ಣೆಯ ದಾರವೂ

ತಿಪ್ಪಮ್ಮ ಜಂಪಣ್ಣನನ್ನು ಮೊದಲು ಕಂಡದ್ದು ಎಪ್ಪತ್ತೆರಡನೇ ಇಸವಿಯ ಶ್ರಾವಣದಲ್ಲಿ, ಒಂದು ಮಂಗಳವಾರ. ಮಂಗಳವಾರ ಒಳ್ಳೆಯ ಕೆಲಸಕ್ಕೆ ಹೊರಡಬಾರದು ಎಂದು ಬಾಗೂರಿನಲ್ಲಿ ಯಾರೋ ಅಂದಿದ್ದರು. ಸತ್ತ ಗಂಡನ ಕೋವಿ ಮಾರುವುದು ಯಾವ ಒಳ್ಳೆಯ ಕೆಲಸ ಎಂದುಕೊಂಡು ಆಕೆ ಬಸ್ಸು ಹತ್ತಿದ್ದಳು.

ಗಂಡ ಕಾಟಪ್ಪ ಕುರಿ ಕಾಯಲು ಇಟ್ಟುಕೊಂಡಿದ್ದ ಜೋಡುನಳಿಗೆಯ ಕೋವಿ ಅದು. ಲೈಸೆನ್ಸು ಅವನ ಹೆಸರಿನಲ್ಲಿತ್ತು. ಅವನು ಹೋದ ಮೇಲೆ ಮನೆಯಲ್ಲಿ ಇಡುವಂತಿಲ್ಲ, ದುರ್ಗದಲ್ಲಿ ಲೈಸೆನ್ಸುದಾರ ರಿಪೇರಿಯವನೊಬ್ಬನಿದ್ದಾನೆ, ಅವನ ಮೂಲಕ ಮಾರು ಎಂದು ಠಾಣೆಯವರು ಚೀಟಿ ಬರೆದುಕೊಟ್ಟಿದ್ದರು. ನಳಿಗೆ ಬೇರೆ, ಮರ ಬೇರೆ ಮಾಡಿ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು.

“ಏನಮ್ಮಾ ಅದು, ನೇಗಿಲಾ?” ಎಂದ ಕಂಡಕ್ಟರು.

“ಊಂ ಕಣಪ್ಪ. ತ್ವಾಳಗಳ ಹೊಲ ಉಳೋ ನೇಗಿಲು.”

ಕೋಟೆಯ ಕೆಳಗಿನ ಓಣಿಯಲ್ಲಿ ಒಂದೂವರೆ ಬಾಗಿಲಿನ ಅಂಗಡಿ. ಒಳಗೆ ಎಣ್ಣೆ, ಅರ, ಮರದ ಹೊಟ್ಟಿನ ವಾಸನೆ. ಕನ್ನಡಕವನ್ನು ನೂಲಿನಿಂದ ಕಿವಿಗೆ ಕಟ್ಟಿಕೊಂಡ, ಐವತ್ತರ ಹತ್ತಿರದ ಸಣಕಲು ಮನುಷ್ಯ ತಲೆಯೆತ್ತಿ, “ಬರ್ರಿ ತಾಯಿ, ಕುಂತ್ಕಳ್ರಿ,” ಎಂದ. ಚೀಟಿ ಓದಿದ. ನಳಿಗೆಯ ಕೊಂಡಿಗೆ ದಾರ ಹಾಕಿ ತೊಲೆಗೆ ತೂಗುಬಿಟ್ಟು, ಹುಣಿಸೆಯ ಕಡ್ಡಿಯಿಂದ ಒಂದು ಸಲ ಬಡಿದ. ಠಣ್ಣೆಂದಿತು. ಕಿವಿ ಕೊಟ್ಟು ಕೇಳಿ, “ಚೆನ್ನಾಗೈತೆ,” ಎಂದ.

“ಇಲ್ಲ. ಅದರ ದನಿ ಅದಲ್ಲ,” ಎಂದಳು ತಿಪ್ಪಮ್ಮ.

ಜಂಪಣ್ಣ ಕನ್ನಡಕದ ಮೇಲಿಂದ ನೋಡಿದ.

“ನಮ್ಮನೇರು ಮೊಳೆಗೆ ತೂಗಾಕಿ ಒರೆಸೋವಾಗ ಬಳೆ ತಾಗಿದ್ರೂ ಬಾಳ ಹೊತ್ತು ಗುಂಯ್ ಅಂತಿತ್ತು. ಈಗ ಬಾಲ ಕಡಿದಂಗೆ ಅಲ್ಲೇ ನಿಂತ್ಹೋತು.”

ಅವನು ಮತ್ತೆ ಬಡಿದ, ಮತ್ತೆ ಕೇಳಿದ. ಆಮೇಲೆ ಭೂತಗನ್ನಡಿ ಹಿಡಿದು ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಬುಡದಿಂದ ಬಾಯಿಯವರೆಗೆ ನೋಡುತ್ತ ಹೋದ. ಬಾಯಿಯ ಹತ್ತಿರ ಬೆಸುಗೆ ಒಂದು ಕೂದಲೆಳೆಯಷ್ಟು ಬಿಟ್ಟಿತ್ತು. ಬಸ್ಸಿನ ಕುಲುಕಾಟಕ್ಕೆ ಬಿಟ್ಟಿತೋ, ಮೊದಲೇ ಬಿಟ್ಟಿತ್ತೋ.

“ನಿಂಗೆ ಯಾರ್ ಕಲಿಸಿದ್ರವ್ವ ಇದನ್ನ?”

“ಯಾರ್ ಕಲಿಸ್ತಾರೆ. ಕುರಿ ಕೊಳ್ಳಾಗಿನ ಗಂಟೆ ಕೇಳಿ ಯಾವ ಕುರಿ ಹಿಂದೆ ಉಳೀತು ಅಂತ ಕಂಬಳಿಯೊಳಗೆ ಮಲಗೇ ಹೇಳ್ತೀವಿ. ಇದೇನ್ ದೊಡ್ಡ ವಿದ್ಯೆ?”

ಆ ಕೋವಿಯನ್ನು ಜಂಪಣ್ಣ ಮಾರಿಕೊಟ್ಟ ರೀತಿಯನ್ನು ತಿಪ್ಪಮ್ಮ ಎಂದೂ ಮರೆಯಲಿಲ್ಲ. ಬೆಸುಗೆ ಹಾಕಿದ. ಕೊಳ್ಳಲು ಬಂದ ಹೊಳಲ್ಕೆರೆಯ ರೈತನಿಗೆ ಆಕೆಯ ಎದುರಿಗೇ, “ಇಲ್ಲಿ ಬಿಟ್ಟಿತ್ತು, ನಾನು ಹಾಕೀನಿ, ನೋಡ್ಕಳ್ರಿ,” ಎಂದು ಬೆರಳಿಟ್ಟು ತೋರಿಸಿದ. ತೋರಿಸದಿದ್ದರೆ ಆ ರೈತನಿಗೆ ಏಳು ಜನ್ಮಕ್ಕೂ ತಿಳಿಯುತ್ತಿರಲಿಲ್ಲ. ಇಂಥವನೂ ಒಬ್ಬನಿದ್ದಾನಲ್ಲ ಎಂದು ಆಕೆಗೆ ಅನಿಸಿತು. ದನಿ ಕೇಳುವ ಕಿವಿ ಬೇಕು, ಬಾ ಎಂದು ಜಂಪಣ್ಣ ಹೇಳಿಕಳಿಸಿದಾಗ, ಅದೇ ಊರಿನ ಹಿಂದಿನ ಓಣಿಯಲ್ಲಿದ್ದ ತನ್ನ ಅಕ್ಕ ದೊಡ್ಡಕ್ಕನ ಮನೆಗೆ ಗಂಟು ಹೊತ್ತು ಬಂದು ಅಂಗಡಿಯ ಕೆಲಸಕ್ಕೆ ನಿಂತಳು.

ಜಂಪಣ್ಣ ಹುಟ್ಟಿದ್ದು ಹೊಸದುರ್ಗದ ಕಡೆಯ ಕಮ್ಮಾರರ ಮನೆಯಲ್ಲಿ. ಅಪ್ಪ ಕುಳ, ಕುಡುಗೋಲು ಬಡಿಯುತ್ತಿದ್ದವನು. ಮಗ ಹದಿನಾರರಲ್ಲಿ ತಿದಿ ಒತ್ತುವುದು ಬೇಸರವಾಗಿ ದಾವಣಗೆರೆಗೆ ಓಡಿ, ಮುದಿ ಸಾಯಬರೊಬ್ಬರ ಬಳಿ ಕೋವಿ ಬಿಚ್ಚುವುದು, ಜೋಡಿಸುವುದು ಕಲಿತ. ಹೆಂಡತಿ ಮೊದಲ ಹೆರಿಗೆಯಲ್ಲೇ ಹೋದಳು, ಮತ್ತೆ ಮದುವೆಯಾಗಲಿಲ್ಲ. ಇಷ್ಟು ಕೋವಿಗಳನ್ನು ಮುಟ್ಟಿದವನು ಜೀವಮಾನದಲ್ಲಿ ಒಂದೇ ಒಂದು ತೋಟಾ ಹಾರಿಸಿರಲಿಲ್ಲ. ಸದ್ದೆಂದರೆ ಭಯ. ದೀಪಾವಳಿಗೆ ಕಿವಿಗೆ ಹತ್ತಿ ತುರುಕಿಕೊಂಡು ಒಳಗೆ ಕೂರುತ್ತಿದ್ದ. ಯಾರಾದರೂ ನಕ್ಕರೆ, “ಸೂಲಗಿತ್ತಿ ತಾನೂ ಹೆತ್ತಿರ್ಲೇಬೇಕು ಅಂತ ಕಾನೂನೈತೇನು?” ಎನ್ನುತ್ತಿದ್ದ.

ತಿಪ್ಪಮ್ಮನಿಗೆ ಓದು ಬರಹ ಇರಲಿಲ್ಲ. ಪ್ರತಿ ಕೋವಿಯ ಉಕ್ಕಿನ ಮೇಲೆ ಕೊರೆದ ನಂಬರನ್ನು ದೊಡ್ಡ ಬುಕ್ಕಿನಲ್ಲಿ ಬರೆಯಬೇಕಿತ್ತು. ಅದಕ್ಕಾಗಿ ಜಂಪಣ್ಣ ಅಂಕಿ ಕಲಿಸಿದ. ನಾಲ್ಕು ತಿಂಗಳಿಗೆ ಆಕೆ ಉಕ್ಕಿನಲ್ಲಿದ್ದ ಹಾಗೇ ಅಂಕಿ ನಕಲು ಮಾಡಿದಳು; ವರ್ಷಕ್ಕೆ ತನ್ನ ಹೆಸರನ್ನೂ ಬರೆದಳು. ಅದಕ್ಕಿಂತ ಹೆಚ್ಚು ಕಲಿಯಲಿಲ್ಲ, ಆದರೆ ಕಲಿತಷ್ಟರಲ್ಲಿ ತಪ್ಪು ಮಾಡಲಿಲ್ಲ. ಗೌರಿ ಹಬ್ಬಕ್ಕೆ ಅವನು ಆಕೆಗೊಂದು ಸೀರೆ ತರುತ್ತಿದ್ದ. ಗಂಡ ಸತ್ತವಳಿಗೆ ಗೌರಿಯ ಸೀರೆ ಯಾಕೆ ಎಂದು ದೊಡ್ಡಕ್ಕ ಮೂತಿ ತಿರುವಿದಾಗ, “ನಾನು ಕೊಡ್ತಿರಾದು ಗೌರಿಗಲ್ಲ, ನನ್ ತಂಗೀಗೆ,” ಎಂದ. ಅಂದಿನಿಂದ ತಿಪ್ಪಮ್ಮ ಅವನನ್ನು ಅಣ್ಣ ಎಂದೇ ಕರೆದಳು.

ಕರಿ ಉಣ್ಣೆಯ ದಾರ ಶುರುವಾದದ್ದು ಆಕೆಯ ಅನುಕೂಲಕ್ಕೆ. ಯಾವ ಕೋವಿ ನೋಡಿಯಾಗಿದೆ, ಯಾವುದು ಆಗಿಲ್ಲ ಎಂದು ಬರೆದಿಡಲು ಬಾರದು. ಆದ್ದರಿಂದ ಸಮಾಧಾನವಾಗಿ ಬಡಿದು ಕೇಳಿ, ನಳಿಗೆಯ ಉದ್ದಕ್ಕೂ ಬೆರಳು ಸವರಿ, ಒಳಗೆ ಇಣುಕಿ ಸರಿಯೆನಿಸಿದ ಕೋವಿಯ, ಬೆರಳಿನಿಂದ ಎಳೆಯುವ ಕುದುರೆಯ ಕೆಳಗಿನ ಬಳೆಗೆ ತಾನೇ ನೂತ ಉಣ್ಣೆಯ ಎಳೆಯೊಂದನ್ನು ಕಟ್ಟುತ್ತಿದ್ದಳು, ಕುರಿಮರಿಗೆ ಗುರುತು ಕಟ್ಟುವ ಹಾಗೆ. ಬರಬರುತ್ತ ಗಿರಾಕಿಗಳು ಅದನ್ನೇ ಕೇಳತೊಡಗಿದರು. ಹಿರಿಯೂರಿನವರು, ಹೊಳಲ್ಕೆರೆಯವರು ಬಾಗಿಲಲ್ಲಿ ಕಾಲಿಡುವ ಮೊದಲೇ, “ದಾರ ಕಟ್ಟೈತಾ?” ಎನ್ನುವರು. ದಾರವಿಲ್ಲದ ಕೋವಿಯನ್ನು ಜಂಪಣ್ಣ ಮಾರುತ್ತಿರಲಿಲ್ಲ. ಒಮ್ಮೆ ಆಕೆ ಜ್ವರದಲ್ಲಿ ಮಲಗಿದ್ದಾಗ ಗಿರಾಕಿಯನ್ನು ಎಂಟು ದಿನ ಕಾಯಿಸಿದ್ದ.

ಅಷ್ಟರಲ್ಲಿ ಬೇಟೆಗೆ ಕಾಯಿದೆ ಬಿಗಿಯಾಯಿತು. ಮೊಲಕ್ಕೂ ಹಂದಿಗೂ ಗುರಿಯಿಟ್ಟ ಕೈಗಳು ಸುಮ್ಮನಾದವು. ಆಗ ಊರಿನಲ್ಲಿ ನಿವೃತ್ತ ಸುಬೇದಾರ್ ಶಿವಕುಮಾರಪ್ಪನವರು ಹೊಸದೊಂದು ಆಟ ತಂದರು. ಜೋಗಿಮಟ್ಟಿಯ ಕಡೆಯ ದಾರಿಯಲ್ಲಿ ಒಂದು ಬೀಳು ಹೊಲ. ಅಲ್ಲಿ ಸ್ಪ್ರಿಂಗಿನ ಯಂತ್ರದಿಂದ ಅಂಗೈಯಗಲದ ಮಣ್ಣಿನ ತಟ್ಟೆ ಚಿಮ್ಮಿಸುವುದು, ಹಾರುವಾಗ ಹೊಡೆದು ಪುಡಿ ಮಾಡುವುದು. ತಟ್ಟೆ ಮಾಡಲು ಹೊಳಲ್ಕೆರೆಯ ಕುಂಬಾರ ಚಿಕ್ಕತಿಮ್ಮಪ್ಪನಿಗೆ ಹೇಳಿದ್ದರು. ಅವನು ಮೊದಲ ಸಲ ಸುಟ್ಟು ತಂದ ತಟ್ಟೆಗಳು ತೋಟಾದೊಳಗಿನ ಸೀಸದ ಚೆರೆ ತಾಗಿದರೂ ಒಡೆಯಲಿಲ್ಲ. ಕೆಳಗೆ ಬಿದ್ದವನ್ನು ಆರಿಸಿಕೊಂಡು ಬಂದು ಮತ್ತೆ ಹಾರಿಸುವಂತಿದ್ದವು.

“ಸ್ವಲ್ಪ ಹಸಿಬಿಸಿ ಸುಡಯ್ಯ, ಒಡೀಬೇಕು,” ಎಂದರು ಸುಬೇದಾರರು.

ಚಿಕ್ಕತಿಮ್ಮಪ್ಪನಿಗೆ ಅವಮಾನವಾಯಿತು. “ಸ್ವಾಮಿ, ಒಡೆಯಾ ಮಡಕೆ ಮಾಡಿದ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬಂದು ಒದೀತಾನೆ. ಬೇರೆಯೋರ್ನ ನೋಡ್ಕಳ್ರಿ.” ಕೊನೆಗೆ, ಇದು ಮಡಕೆಯಲ್ಲ, ಪಟಾಕಿ ಎಂದು ತಿಳಿ ಎಂದು ಒಪ್ಪಿಸಬೇಕಾಯಿತು.

ಈ ಆಟದ ಹುಚ್ಚು ಹಿಡಿಸಿಕೊಂಡು ಎಪ್ಪತ್ತಾರರ ಬೇಸಿಗೆಯಲ್ಲಿ ಅಂಗಡಿಗೆ ಬಂದವನು ಚಿತ್ರಲಿಂಗಪ್ಪ, ಶ್ರೀರಾಂಪುರದ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು. ಮೂವತ್ತರ ಹರೆಯ, ಎತ್ತರದ ಆಳು. ಅಪ್ಪನ ಕಾಲದ ಗಜ ಹಾಕಿ ಮದ್ದು ತುಂಬುವ ಒಂಟಿನಳಿಗೆ ಮನೆಯಲ್ಲಿತ್ತು. ಅದರಲ್ಲಿ ಮದ್ದು ತುಂಬುವಷ್ಟರಲ್ಲಿ ತಟ್ಟೆ ಬಿದ್ದು ಮಣ್ಣಲ್ಲಿ ಮಣ್ಣಾಗಿರುತ್ತಿತ್ತು. ತೋಟಾ ಹಾಕುವ ಜೋಡುನಳಿಗೆಯೇ ಬೇಕು, ಹೊಸದು ಕೊಳ್ಳುವ ಶಕ್ತಿಯಿಲ್ಲ, ಹಳೆಯದರಲ್ಲಿ ಒಳ್ಳೆಯದು ಯಾವುದೆಂದು ಗೊತ್ತಿಲ್ಲ ಎಂದು ಬಿಚ್ಚಿ ಹೇಳಿದ.

ಜಂಪಣ್ಣನಿಗೆ ಇಂಥ ಗಿರಾಕಿಯೆಂದರೆ ಹಬ್ಬ. “ಮೇಷ್ಟ್ರೆ, ಹೆಣ್ಣು ನೋಡಾಕೆ ಹೋದಾಗ ಏನ್ಮಾಡ್ತೀರಿ?”

“ಉಪ್ಪಿಟ್ಟು ತಿಂತೀವಿ.”

“ತಿನ್ರಿ. ಆದ್ರೆ ಮೈಮೇಲಿನ ಒಡವೆ ನೋಡಿ ಒಪ್ಕಬ್ಯಾಡ್ರಿ. ಕೋವಿನೂ ಅಂಗೆಯ. ಕೆತ್ತನೆ, ಹೊಳಪು ನೋಡಿ ಮರುಳಾದೋನು ಕೆಟ್ಟ.”

ಆ ದಿನ ಮಧ್ಯಾಹ್ನವೆಲ್ಲ ಕಲಿಸಿದ. ಕೋವಿ ಮಡಿಸಿ, ಬುಡದ ಸಂದಿನಲ್ಲಿ ಸಿಗರೇಟು ಪ್ಯಾಕಿನ ತೆಳು ಕಾಗದದ ಚೂರಿಟ್ಟು ಮುಚ್ಚಬೇಕು. ಎಳೆದರೆ ಕಾಗದ ಹರಿಯಬೇಕೇ ಹೊರತು ಜಾರಿ ಬರಬಾರದು, ಜಾರಿದರೆ ಕೀಲು ಸವೆದಿದೆ. ಮುಂದಿನ ಮರ ಕಳಚಿ ಕಿವಿಯ ಹತ್ತಿರ ಅಲ್ಲಾಡಿಸಬೇಕು. ಹಲ್ಲು ಅಲ್ಲಾಡುವ ಮುದುಕನ ಹಾಗೆ ಕಟಕಟ ಅನ್ನಬಾರದು. ಹಿಡಿಯ ಮರ ಉಕ್ಕಿಗೆ ಸೇರುವಲ್ಲಿ ಉಗುರು ಓಡಿಸಿ ಬಿರುಕು ಹುಡುಕಬೇಕು. ಖಾಲಿ ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಬೇಕು.

“ಒಳಗೆ ಬೆಳಕು ಬಾವಿ ನೀರಿನಂಗೆ ಸಮ ಇರಬೇಕು. ನಡುವೆ ಕಪ್ಪು ಉಂಗುರ ಕಂಡ್ರೆ ಕೆಳಗಿಟ್ಟು ಕೈ ತೊಳಕಳ್ರಿ. ನಳಿಗೇಲಿ ಮಣ್ಣೋ ಬಟ್ಟೆಯೋ ಸಿಕ್ಕಂಡಾಗ ಯಾರೋ ಹಾರ್ಸಿರ್ತಾರೆ, ಉಕ್ಕು ಅಲ್ಲಿ ಉಬ್ಬಿರ್ತೈತೆ. ನೂರು ಸಲ ತಡೀಬೌದು, ನೂರಾ ಒಂದನೇದು ಸಿಡೀತೈತೆ. ನೆಪ್ಪಿಟ್ಕಳ್ರಿ, ಉಂಗುರದ ಕೋವಿ ಕೈ ಹಿಡಿಯಾದಲ್ಲ, ಕೈ ತಿನ್ನಾದು.”

ಕೊನೆಯ ಪಾಠ ಅಳತೆಯದು. “ಕಣ್ಮುಚ್ಚಿ ಎತ್ತಿ ಭುಜಕ್ಕಿಡ್ರಿ. ಈಗ ಕಣ್ ಬಿಡ್ರಿ. ಪಟ್ಟಿ ನೆಟ್ಟಗೆ ಕಂಡ್ರೆ ಅದು ನಿಮ್ಮ ಮೈಗೆ ಹೊಲಿದಿದ್ದು. ಏನ್ ಕಾಣ್ತೈತೆ?”

“ತಿಪ್ಪಮ್ಮಕ್ಕ ಕಾಣ್ತಾರೆ.”

“ಅಯ್ಯೋ, ಕೆಳಗಿಳಿಸಪ್ಪಾ!” ಎಂದು ತಿಪ್ಪಮ್ಮ ಬಾಗಿದಳು.

“ಖಾಲಿ ಐತಕ್ಕ.”

“ಲೋಕದಾಗೆ ಜನ ಸತ್ತಿರಾದೆಲ್ಲ ಖಾಲಿ ಕೋವೀಲೇ ಕಣಪ್ಪ.”

ಮೂರು ಕೋವಿಗಳನ್ನು ಮೇಷ್ಟ್ರು ನೋಡಿ ಬಿಟ್ಟ. ನಾಲ್ಕನೆಯದು ಶ್ರಾವಣದಲ್ಲಿ ಬಂತು. ಅದರ ಹಿಡಿಯ ಮರದಲ್ಲಿ ಒಂದು ಗಂಟು, ರೆಪ್ಪೆ ಸಮೇತ ಕಣ್ಣಿನ ಹಾಗಿತ್ತು. ಮೇಷ್ಟ್ರು ಕಲಿತ ಪಾಠವನ್ನೆಲ್ಲ ಒಂದೊಂದಾಗಿ ಒಪ್ಪಿಸಿ ನೋಡಿದ. ಕಾಗದ ಹರಿಯಿತು, ಒಳಗಿನ ಬೆಳಕು ಸಮನಾಗಿತ್ತು. ತಿಪ್ಪಮ್ಮ ಬಡಿದು ಕೇಳಿದಳು. ಬಾಲ ಉದ್ದಕ್ಕೆ ಎಳೆದು, ಓಣಿಯಾಚೆ ಹೋಗುವ ಗಾಡಿಯ ಗಂಟೆಯಂತೆ ಮೆಲ್ಲಗೆ ಆರಿತು. ದಾರ ಕಟ್ಟಿದಳು. ಅಪ್ಪನ ಲೈಸೆನ್ಸು ಮಗನ ಹೆಸರಿಗಾಗುವುದು ಇನ್ನೂ ಬಾಕಿಯಿತ್ತು. “ಕಾಗದ ಬರಲಿ, ಇದು ನಿಮ್ದೇ. ಯಾರಿಗೂ ಕೊಡಾಕಿಲ್ಲ,” ಎಂದ ಜಂಪಣ್ಣ. ಆ ಕೋವಿಗೆ ಕಣ್ಣಿನ ಕೋವಿ ಎಂದೇ ಹೆಸರಾಯಿತು.

ಭಾದ್ರಪದದಲ್ಲಿ ಹಿರಿಯೂರಿನ ಕಡೆಯ ಧಣಿಯೊಬ್ಬರ ಕೋವಿ ಮಾರಾಟಕ್ಕೆಂದು ಅಂಗಡಿಗೆ ಬಂತು. ಕಣ್ಣಿನ ಕೋವಿಗೆ ಒಡಹುಟ್ಟಿದಂತೆ ಅದೇ ಕಾರ್ಖಾನೆಯದು, ಅದೇ ಗಾತ್ರ. ಹಿಡಿಯ ಮೇಲೆ ಧಣಿಯ ಅಪ್ಪನ ಹೆಸರು ಕೊರೆದ ಬೆಳ್ಳಿ ತಗಡಿತ್ತು. ತಿಪ್ಪಮ್ಮ ನಂಬರು ಬರೆದುಕೊಂಡಳು: ಮೂರು, ಒಂದು, ಏಳು, ಏಳು, ನಾಲ್ಕು. ಎರಡು ಏಳು ಜೊತೆಗೆ ಬಂದದ್ದಕ್ಕೆ ನೆನಪು ಉಳಿಯಿತು. ಎಡನಳಿಗೆಯ ಮೇಲೆ ಬೆರಳು ಸವರಿದಾಗ ಬುಡದಿಂದ ಒಂದು ಗೇಣು ನಾಲ್ಕು ಬೆರಳಿನಲ್ಲಿ, ಹಾವು ಇಲಿ ನುಂಗಿದ ಹಾಗೆ, ಕಣ್ಣಿಗೆ ಕಾಣದ ಉಬ್ಬು ಕೈಗೆ ಸಿಕ್ಕಿತು. ಒಳಗೆ ಇಣುಕಿದಳು. ಕಪ್ಪು ಉಂಗುರ.

“ಅಣ್ಣ, ಇದಕ್ಕೆ ಉಂಗುರ ಐತೆ.”

ಜಂಪಣ್ಣ ನೋಡಿದ. ಅವನ ಮುಖ ಸಣ್ಣಗಾಯಿತು. “ಐತೆ ಕಣವ್ವ. ನಳಿಗೆ ಕೊಯ್ದಾಕಿ ಕೀಲು, ಸ್ಪ್ರಿಂಗು ಇಟ್ಕಂತೀನಿ. ಇದನ್ನ ಮಾರಾದಲ್ಲ,” ಎಂದ. ದಾರ ಕಟ್ಟದೆ ಆಕೆ ಅದನ್ನು ಮೂಲೆಗಿಟ್ಟಳು. ಮಾರನೆಯ ವಾರ ಅದು ಮೂಲೆಯಲ್ಲಿರಲಿಲ್ಲ; ಕೊಯ್ದಿರಬೇಕೆಂದುಕೊಂಡಳು. ಕೇಳಲಿಲ್ಲ. ಅಣ್ಣ ಹೇಳಿದ ಮೇಲೆ ಕೇಳುವುದೇನು.

ಮಹಾನವಮಿ ಬಂತು. ಆಯುಧಪೂಜೆಯ ದಿನ ಅಂಗಡಿಯಲ್ಲಿ ಅರ ಮುಟ್ಟುವುದಿಲ್ಲ, ಸುತ್ತಿಗೆ ಎತ್ತುವುದಿಲ್ಲ. ಕೋವಿಗಳನ್ನೆಲ್ಲ ಗೋಡೆಗೆ ಒರಗಿಸಿ, ನಳಿಗೆಗೆ ವಿಭೂತಿಯ ಪಟ್ಟೆ, ನಡುವೆ ಕುಂಕುಮ, ಬಾಯಿಗೆ ಚೆಂಡುಹೂವು. ಪೂಜೆಯಾದ ಆಯುಧದ ವಿಭೂತಿಯನ್ನು ಬನ್ನಿ ಮುಡಿಯುವವರೆಗೆ ಯಾರೂ ಒರೆಸುವುದಿಲ್ಲ, ಬಡಿಯುವುದಿಲ್ಲ, ಬಿಚ್ಚುವುದಿಲ್ಲ. ದುರ್ಗದ ಯಾವ ಮನೆಯಲ್ಲೂ ಇದನ್ನು ಹೇಳಿಕೊಡಬೇಕಾಗಿಲ್ಲ. ಪ್ರತಿ ವರ್ಷ ಪೂಜೆಗೆ ಮೊದಲು ನಳಿಗೆ ತೊಳೆದು ವಿಭೂತಿ ಹಚ್ಚುವುದು ತಿಪ್ಪಮ್ಮನ ಕೆಲಸ. ಆ ವರ್ಷ ಆಕೆ ಬರುವಷ್ಟರಲ್ಲಿ ಜಂಪಣ್ಣನೇ ಎಲ್ಲ ಮುಗಿಸಿದ್ದ.

“ಹಬ್ಬದ ದಿನಾನಾದ್ರೂ ನನ್ ತಂಗಿ ಸುಮ್ನೆ ಕುಂತ್ಕಳ್ಳಿ ಅಂತ.”

ಹನ್ನೊಂದು ಗಂಟೆಗೆ ಮೇಷ್ಟ್ರು ಬಂದ. ಲೈಸೆನ್ಸು ಕೈಗೆ ಬಂದಿತ್ತು. ನವಮಿಯ ದಿನವೇ ಆಯುಧ ಮನೆಗೆ ಬರಬೇಕೆಂದು ಅವನ ತಾಯಿಯ ಆಸೆ. ಜಂಪಣ್ಣ ಮಂಗಳಾರತಿ ಮಾಡಿ, ಕಣ್ಣಿನ ಹಿಡಿಯ ಕೋವಿಯನ್ನು ಎರಡೂ ಕೈಯಲ್ಲಿ ಎತ್ತಿದ. ಕುದುರೆಯ ಬಳೆಯಲ್ಲಿ ದಾರವಿರಲಿಲ್ಲ.

“ತೊಳೆಯಾವಾಗ ಹಳೇ ದಾರ ಕಿತ್ತೋತು ಕಣವ್ವ. ನೀನು ಶ್ರಾವಣದಾಗೆ ಕೇಳಿದ್ದೇ ಅಲ್ವಾ. ಒಂದೆಳೆ ಹೊಸದು ಕಟ್ಟಿಬಿಡು, ಮೇಷ್ಟ್ರು ಬಸ್ಸಿಗೆ ಹೊತ್ತಾತು.”

ತಿಪ್ಪಮ್ಮ ಸೆರಗಿನ ಗಂಟಿನಿಂದ ಉಣ್ಣೆ ತೆಗೆದಳು. ಕಟ್ಟಲು ಬಾಗಿದಾಗ ಒಂದು ಕಂಡಿತು. ಬಲನಳಿಗೆಯ ಪಟ್ಟೆಗಳು ಮೂರು ಬೆರಳಗಲ. ಎಡನಳಿಗೆಯ ಒಂದು ಪಟ್ಟೆ ನಾಲ್ಕು ಬೆರಳಗಲ, ದಪ್ಪವಾಗಿಯೂ ಬಳಿದಿತ್ತು.

“ಇಲ್ಲಿ ವಿಭೂತಿ ಯಾಕಣ್ಣ ಅಗಲ?”

“ಹಬ್ಬದ ದಿನ ಕೈ ಧಾರಾಳ ಆತು ಕಣವ್ವ,” ಎಂದು ಜಂಪಣ್ಣ ನಕ್ಕ. ಮೇಷ್ಟ್ರೂ ನಕ್ಕ. ತಿಪ್ಪಮ್ಮನ ಬೆರಳು ಆ ಪಟ್ಟೆಯ ಹತ್ತಿರದವರೆಗೆ ಹೋಗಿ, ದೇವರ ಮೈಯೆಂದು ಹಿಂದೆ ಬಂತು. ಕಣ್ಣು ಅದೇ ಕಣ್ಣು, ರೆಪ್ಪೆ ಅದೇ ರೆಪ್ಪೆ. ಕುರಿಮರಿಯ ಗಂಟು ಹಾಕಿ ದಾರ ಕಟ್ಟಿದಳು. ಬುಕ್ಕಿನಲ್ಲಿ ನಂಬರನ್ನು ಆ ದಿನ ಜಂಪಣ್ಣನೇ ಬರೆದ.

ದೀಪಾವಳಿ ಕಳೆದ ಎರಡನೇ ಭಾನುವಾರ, ಜೋಗಿಮಟ್ಟಿ ದಾರಿಯ ಹೊಲದಲ್ಲಿ ಆ ಕೋವಿ ಸಿಡಿಯಿತು. ಮೂರು ಭಾನುವಾರ ಚೆನ್ನಾಗಿ ಹೊಡೆದಿತ್ತಂತೆ. ಆ ದಿನವೂ ಹನ್ನೆರಡು ತಟ್ಟೆಯಲ್ಲಿ ಐದು ಪುಡಿಯಾಗಿದ್ದವು; ಕಲಿಯುವವನಿಗೆ ಅದು ಸಣ್ಣದಲ್ಲ. ಹದಿಮೂರನೆಯದಕ್ಕೆ ಎಡನಳಿಗೆ ಬಾಳೆಯ ಸಿಪ್ಪೆ ಸುಲಿದ ಹಾಗೆ ತೆರೆದುಕೊಂಡಿತು. ಕೆಳಗೆ ಹಿಡಿದಿದ್ದ ಎಡಗೈಯಲ್ಲಿ ಎರಡು ಬೆರಳು ಹೋದವು.

ಸುದ್ದಿ ತಂದವನು ಕುಂಬಾರ ಚಿಕ್ಕತಿಮ್ಮಪ್ಪ. “ನಿಮ್ಮ ದಾರ ಕಟ್ಟಿದ್ ಕೋವಿಯಂತಲ್ಲಮ್ಮ,” ಎಂದ.

ತಿಪ್ಪಮ್ಮ ಆಸ್ಪತ್ರೆಗೆ ನಡೆದೇ ಹೋದಳು. ಮೇಷ್ಟ್ರು ಗೋಡೆಗೊರಗಿ ಕುಳಿತಿದ್ದ. ಕೈಗೆ ತಲೆದಿಂಬಿನಷ್ಟು ಬಟ್ಟೆ ಸುತ್ತಿತ್ತು. ಬೈಯುತ್ತಾನೆ ಎಂದುಕೊಂಡು ಹೋಗಿದ್ದಳು. ಬೈದಿದ್ದರೆ ಚೆನ್ನಾಗಿತ್ತು.

“ಬರ್ರಿ ಅಕ್ಕ, ಕುಂತ್ಕಳ್ರಿ,” ಎಂದ. “ವಿಜಯದಶಮಿ ಆದ್ಮೇಲೆ ವಿಭೂತಿ ಒರೆಸ್ದೆ. ಒಂದ್ಸಲ ಬಡ್ದು ನೋಡಾಣ, ಒಳಗೆ ಇಣುಕಾಣ ಅನ್ಸಿತ್ತು. ಆಮೇಲೆ ನಿಮ್ಮ ದಾರ ಕಂಡೆ. ಅಕ್ಕ ಕೇಳಿ ಕಟ್ಟಿದ್ದನ್ನ ನಾನು ಮತ್ತೆ ಪರೀಕ್ಷೆ ಮಾಡಿದ್ರೆ ಮರ್ಯಾದೆ ಅಲ್ಲ ಅಂತ ಸುಮ್ನಾದೆ,” ಎಂದ.

ಆಕೆ ಅಲ್ಲಿಂದ ಎದ್ದು ಠಾಣೆಗೆ ನಡೆದಳು.

ಸಿಡಿದ ಕೋವಿ ಠಾಣೆಯಲ್ಲಿತ್ತು. ಮೇಜಿನ ಮೇಲೆ ಗೋಣಿತಾಟಿನಲ್ಲಿ ಹಾಕಿದ್ದರು. ಮುಟ್ಟಬಹುದೇ ಎಂದು ಕೇಳಿ, ತೆರೆದುಕೊಂಡ ಉಕ್ಕಿನ ಬುಡದಿಂದ ಕೈಯಿಟ್ಟು ಅಳೆದಳು. ಒಂದು ಗೇಣು, ನಾಲ್ಕು ಬೆರಳು. ಕಣ್ಣಿನ ಮರ ಹಾಗೇ ಇತ್ತು, ಒಂದು ಗೀರೂ ಇಲ್ಲದೆ. ಮರದ ಹತ್ತಿರದ ಉಕ್ಕನ್ನು ಸೆರಗಿನಿಂದ ಒರೆಸಿ ಅಂಕಿ ಓದಿದಳು. ಜಂಪಣ್ಣ ಕಲಿಸಿದ ಅಂಕಿ. ಮೂರು, ಒಂದು, ಏಳು, ಏಳು, ನಾಲ್ಕು.

ಅಂಗಡಿಗೆ ಬಂದಾಗ ಜಂಪಣ್ಣ ಬಾಗಿಲು ಅರ್ಧ ಮುಚ್ಚಿಕೊಂಡು ಕುಳಿತಿದ್ದ.

“ನೀನು ಮರ ಬದಲಾಯಿಸ್ದೆ,” ಎಂದಳು ತಿಪ್ಪಮ್ಮ.

ಅವನು ಒಪ್ಪಿಕೊಂಡು ಎಲ್ಲ ಹೇಳಿದ. ಧಣಿಗೆ ಕಣ್ಣಿನ ಕೋವಿ ಬೇಕೆನಿಸಿತ್ತು. ನನ್ನದನ್ನು ಮಾರಿಕೊಡು, ಇದನ್ನು ನನಗೆ ಕೊಡು ಎಂದರು. ಆದರೆ ಅಪ್ಪನ ಹೆಸರಿನ ಬೆಳ್ಳಿ ತಗಡಿನ ಹಿಡಿಯನ್ನು ಬಿಡಲಾರರು. ಅದನ್ನು ಕಣ್ಣಿನ ಕೋವಿಯ ಒಳ್ಳೆಯ ಉಕ್ಕಿಗೆ ಕೂರಿಸಿಕೊಟ್ಟದ್ದಾಯಿತು. ಉಳಿದ ಕಣ್ಣಿನ ಹಿಡಿ ಉಂಗುರದ ನಳಿಗೆಗೆ ಕೂತಿತು; ಉಬ್ಬು ಕೈಗೆ ಸಿಗದ ಹಾಗೆ ಅದರ ಮೇಲೆ ವಿಭೂತಿ ಬಿತ್ತು. ಅಂಗಡಿಯ ಲೈಸೆನ್ಸು ಹೊಸ ಮಾಡಿಸುವುದಕ್ಕೆ ಧಣಿಯ ಒಂದು ಮಾತು ಬೇಕಿತ್ತು.

“ಮೂವತ್ತು ವರ್ಷದ ಅಂಗಡಿ ಕಣವ್ವ. ಧಣಿ ಮಾತು ಹೆಂಗ್ ಮೀರಲಿ? ಅದು ಇನ್ನೂ ಹತ್ತು ವರ್ಷ ತಡೀತೈತೆ ಅಂದ್ಕಂಡಿದ್ದೆ.”

“ಮೇಷ್ಟ್ರಿಗೆ ಹೇಳಬೌದಿತ್ತು. ಬೇರೆ ಹುಡುಕ್ತೀನಿ ತಾಳಿ ಅನ್ನಬೌದಿತ್ತು.”

“ಕೊಟ್ಟ ಮಾತು ತಪ್ಪಿದ ಅಂತಾರಲ್ಲ.”

ತಿಪ್ಪಮ್ಮ ಅವನನ್ನೇ ನೋಡಿದಳು. ಮಾತು ತಪ್ಪಿದ ಎನ್ನಿಸಿಕೊಳ್ಳಬಾರದೆಂದು ಒಬ್ಬನ ಕೈ ತೆಗೆದಿದ್ದ. ಅದಕ್ಕೆ ತನ್ನ ದಾರ ಕಟ್ಟಿಸಿದ್ದ.

“ಹಾಕಬಾರದ ತೋಟಾ ಹಾಕಿದ್ರು ಮೇಷ್ಟ್ರು, ಅದಕ್ಕೇ ಸಿಡೀತು ಅಂತ ಬರೆಸೀನಿ,” ಎಂದ ಜಂಪಣ್ಣ ತಗ್ಗಿದ ದನಿಯಲ್ಲಿ. “ನಿನ್ನ ಕೇಳ್ತಾರೆ. ನವಮಿ ದಿನಾನೂ ಬಡ್ದು ಕೇಳಿದ್ದೆ, ಸರಿ ಇತ್ತು ಅನ್ನು. ನಿನ್ ಮಾತು ಯಾರೂ ತೆಗೆದಾಕಲ್ಲ.”

ಅದು ನಿಜ. ಆಕೆಯ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ. ಹೊಲವಿಲ್ಲ, ಕುರಿಯಿಲ್ಲ, ಮಕ್ಕಳಿಲ್ಲ. ತಿಪ್ಪಮ್ಮನ ಬಳಿ ಇದ್ದದ್ದು ಅದೊಂದೇ. ಮನೆಗೆ ಹೋಗಿ ದೊಡ್ಡಕ್ಕನಿಗೆ ಎಲ್ಲ ಹೇಳಿದಳು.

“ಬೇಲಿನೇ ಎದ್ದು ಹೊಲ ಮೇಯ್ತು,” ಎಂದಳು ದೊಡ್ಡಕ್ಕ. “ಆದ್ರೂ ಅನ್ನ ಕೊಟ್ಟೋನು. ಸುಮ್ನಿದ್ರೆ ನಿಂಗೇನ್ ನಷ್ಟ?”

“ಮೇಷ್ಟ್ರು ತಪ್ಪು ತೋಟಾ ಹಾಕಿದ ಅಂತ ಆಗ್ತೈತೆ. ಬೆರಳೂ ಹೋಯ್ತು, ತಪ್ಪೂ ಅವನ ತಲೆಗೇ ಬಂತು.”

ಮಾರನೆಯ ದಿನ ಠಾಣೆಯಲ್ಲಿ ಹೇಳಿಕೆ ಕೊಟ್ಟಳು. ಉಬ್ಬು, ಉಂಗುರ, ಗೇಣಿನ ಅಳತೆ, ನಂಬರು, ಬೆಳ್ಳಿ ತಗಡು, ನಾಲ್ಕು ಬೆರಳಗಲದ ವಿಭೂತಿ. ಬಡಿದು ಕೇಳಿದ್ದೆಯೇನಮ್ಮ ಎಂದರು. “ನವಮಿ ದಿನ ಬಡೀಲಿಲ್ಲ, ಕೇಳ್ಲಿಲ್ಲ. ಕೇಳ್ದೆ ದಾರ ಕಟ್ಟಿದ್ದು ಅದೊಂದೇ,” ಎಂದಳು. ಹೆಬ್ಬೆಟ್ಟಿಗೆ ಮಸಿ ತಂದರು. ಬೇಡವೆಂದು ಹೆಸರು ಬರೆದಳು. ಐದು ನಿಮಿಷ ಹಿಡಿಯಿತು.

ಜಂಪಣ್ಣನ ಲೈಸೆನ್ಸು ಹೋಯಿತು. ಧಣಿಗೆ ಏನೂ ಆಗಲಿಲ್ಲ. ಮೇಷ್ಟ್ರು ಮೂರು ಬೆರಳಿನ ಎಡಗೈಯಲ್ಲಿ ಸೀಟಿ ಹಿಡಿದು ಮಕ್ಕಳಿಗೆ ಡ್ರಿಲ್ ಮಾಡಿಸುತ್ತಿದ್ದಾನೆಂದು ಕೇಳಿದಳು. ದಾರ ನೂಲುವುದನ್ನು ಬಿಟ್ಟು ತಿಪ್ಪಮ್ಮ ಕಂಬಳಿ ನೇಯುವವರ ಮನೆಗೆ ಉಣ್ಣೆ ಹಿಂಜಲು ಹೋಗತೊಡಗಿದಳು. ಓಣಿಯಲ್ಲಿ ಜಂಪಣ್ಣ ಎದುರಾದರೆ ದಾರಿ ಬಿಟ್ಟು ನಿಲ್ಲುತ್ತಿದ್ದಳು, ಮಾತಾಡುತ್ತಿರಲಿಲ್ಲ. ಅವನು ಬೀಗ, ಸ್ಟೌವು ರಿಪೇರಿ ಮಾಡಿಕೊಂಡಿದ್ದ.

ಎಪ್ಪತ್ತೆಂಟರ ಗೌರಿ ಹಬ್ಬದ ಹಿಂದಿನ ದಿನ, ಹೊಸದುರ್ಗಕ್ಕೆ ತಮ್ಮನ ಮನೆಗೆ ಹೋಗಿ ಇದ್ದುಬಿಡುತ್ತೇನೆಂದು ಹೊರಟ ಜಂಪಣ್ಣ ದೊಡ್ಡಕ್ಕನ ಮನೆಯ ಜಗಲಿಗೆ ಬಂದ. ಕೆಮ್ಮಿ ಕೆಮ್ಮಿ ಎದೆಗೂಡು ಎದ್ದಿತ್ತು. ಕೈಯಲ್ಲಿ ಸೀರೆಯ ಗಂಟಿರಲಿಲ್ಲ. ತಿಪ್ಪಮ್ಮ ನೀರು ಕೊಟ್ಟಳು. ಕುಡಿದ. ತಂಬಿಗೆಯನ್ನು ಕೆಳಗಿಟ್ಟು, ಅದರ ಕಂಠದ ಮೇಲೆ ಉಗುರಿನಿಂದ ಒಮ್ಮೆ ತಟ್ಟಿ, ದನಿ ಆರುವವರೆಗೆ ಕೇಳಿದ. ಕ್ಷಮಿಸು ಎನ್ನುತ್ತಾನೇನೋ ಎಂದು ಆಕೆ ಕಾದಳು.

“ಎರಡು ವರ್ಷದಿಂದ ಒಂದೇ ಯೋಚ್ನೆ ಮಾಡ್ತೀನಿ ತಂಗೆವ್ವ,” ಎಂದ. “ನಾನು ಕೆಟ್ಟೋನು, ಸರಿ. ಆದ್ರೆ ಒಂದು ಬೆರಳಗಲ ಹೆಚ್ಚೈತೆ ಅಂತ ನಿನ್ ಕಣ್ಣಿಗೆ ಬಿದ್ದಿತ್ತು. ಯಾಕೆ ಅಂತ ಬಾಯಿ ಬಿಟ್ಟು ಕೇಳಿದ್ದೆ ಕೂಡ. ನೀನು ಒರೆಸಿಬಿಡ್ತೀಯ, ನಾನು ಉಳ್ಕಂತೀನಿ ಅಂದ್ಕಂಡಿದ್ದೆ. ಅವತ್ತು ಆ ವಿಭೂತೀನ ಯಾಕವ್ವ ಒರೆಸ್ಲಿಲ್ಲ ನೀನು?”